ಮಧ್ಯದ ಚೆಂಡು ಯಾರದ್ದು?

ಸಿಂಗಲ್ಸ್ ಬಿಟ್ಟು ಡಬಲ್ಸ್ ಸ್ಕ್ವಾಷ್‌ಗೆ ಬಂದ ಮೊದಲ ವರ್ಷ ನನ್ನ ಬೆನ್ನ ಮೇಲೆ ಯಾವಾಗಲೂ ಒಂದೆರಡು ದುಂಡನೆಯ ನೀಲಿ ಗುರುತು ಇರುತ್ತಿದ್ದವು. ಅದರಲ್ಲಿ ಅರ್ಧ ನನ್ನ ಜೊತೆಗಾರನ ಹೊಡೆತದಿಂದ ಆದವು. ತಪ್ಪು ಅವನದಲ್ಲ. ಸ್ಕ್ವಾಷ್‌ನಲ್ಲಿ ಎಲ್ಲರೂ ನಾಲ್ಕು ಗೋಡೆಯ ಒಂದೇ ಕೋಣೆಯೊಳಗೆ ನಿಂತು ಮುಂದಿನ ಗೋಡೆಗೆ ಚೆಂಡು ಹೊಡೆಯುತ್ತೇವೆ. ಅವನ ಚೆಂಡು ಹೋಗುವ ದಾರಿಯಲ್ಲಿ ನಾನು ನಿಂತಿರುತ್ತಿದ್ದೆ.

ನಾನು ಆಡುವುದು ಹಾರ್ಡ್‌ಬಾಲ್ ಡಬಲ್ಸ್. ಫಿಲಡೆಲ್ಫಿಯಾದ ರ‍್ಯಾಕೆಟ್ ಕ್ಲಬ್‌ನಲ್ಲಿ 1907ರಲ್ಲಿ ಶುರುವಾದ ಆಟ. ಇವತ್ತಿಗೂ ಹೆಚ್ಚಾಗಿ ಅಮೆರಿಕ, ಕೆನಡಾದಲ್ಲೇ ಆಡುತ್ತಾರೆ. ಸಿಂಗಲ್ಸ್ ಕೋರ್ಟ್ 32 ಅಡಿ ಉದ್ದ, 21 ಅಡಿ ಅಗಲ. ನಮ್ಮದು 45 ಅಡಿ ಉದ್ದ, 25 ಅಡಿ ಅಗಲ, ಒಳಗೆ ನಾಲ್ಕು ಜನ. ಚೆಂಡು ಗಟ್ಟಿ, ಪುಟಿಯುವುದೂ ಜಾಸ್ತಿ. ಸಿಂಗಲ್ಸ್ ಚೆಂಡು ಹಿಂದಿನ ಮೂಲೆಗೆ ಹೋದರೆ ಅಲ್ಲೇ ಸತ್ತುಬೀಳುತ್ತದೆ. ಇದು ಹಿಂದಿನ ಗೋಡೆಗೆ ಬಡಿದು ಮತ್ತೆ ಮುಂದಕ್ಕೆ ಬರುತ್ತದೆ. ಮುಗಿಯಿತು ಅಂದುಕೊಂಡ ಪಾಯಿಂಟ್ ಮುಗಿದೇ ಇರುವುದಿಲ್ಲ.

ನಾನು ಇದಕ್ಕೆ ಬಂದದ್ದು ಕೆಲಸದ ದಾರಿಯಲ್ಲಿ. ಕಾಲೇಜು ಮುಗಿಸಿ ಒಂದು ಕ್ಲಬ್‌ನಲ್ಲಿ ಕೋಚ್ ಆಗಿದ್ದೆ. ಒಂದು ಸಂಜೆ ಸದಸ್ಯರ ಆಟಕ್ಕೆ ನಾಲ್ಕನೆಯವರು ಬರಲಿಲ್ಲ, ನನ್ನನ್ನು ಕರೆದರು. ನನಗಿಂತ ಮೂವತ್ತು ವರ್ಷ ದೊಡ್ಡವರೊಬ್ಬರು ಕಾಲು ಕದಲಿಸದೆ ನನ್ನನ್ನು ಕೋರ್ಟ್ ತುಂಬಾ ಓಡಿಸಿದರು. ಆವತ್ತೇ ಈ ಆಟ ಕಲಿಯಲೇಬೇಕು ಅನ್ನಿಸಿತು.

ಡಬಲ್ಸ್‌ನಲ್ಲಿ ಒಬ್ಬ ಎಡಗೋಡೆಯ ಆಟಗಾರ, ಇನ್ನೊಬ್ಬ ಬಲಗೋಡೆಯವನು. ನಾನು ಬಲಗೈಯವನು, ಆಡುವುದು ಬಲಗೋಡೆಯಲ್ಲಿ. ಅಂದರೆ ಗೋಡೆ ಪಕ್ಕದ ಚೆಂಡು ನನ್ನ ಫೋರ್‌ಹ್ಯಾಂಡ್‌ಗೆ, ಮಧ್ಯದ್ದು ಬ್ಯಾಕ್‌ಹ್ಯಾಂಡ್‌ಗೆ. ಎಡಗೋಡೆಯಲ್ಲಿರುವ ಬಲಗೈಯವನಿಗೆ ಇದೇ ಉಲ್ಟಾ. ಮಧ್ಯದ ಚೆಂಡನ್ನು ಅವನು ಫೋರ್‌ಹ್ಯಾಂಡ್‌ನಲ್ಲಿ ಪೂರ್ತಿ ಬಲ ಹಾಕಿ ಹೊಡೆಯಬಹುದು. ಹಾಗಾಗಿ ಇಬ್ಬರೂ ಬಲಗೈಯವರಾದರೆ ಸಾಮಾನ್ಯವಾಗಿ ಮಧ್ಯ ಎಡಗೋಡೆಯವನದು. ಹೇಳುವುದಕ್ಕೆ ಇಷ್ಟೇ. ಆದರೆ ಹತ್ತು ವರ್ಷ ಸಿಂಗಲ್ಸ್ ಆಡಿದವನಿಗೆ ಕೋರ್ಟ್‌ನಲ್ಲಿರುವ ಎಲ್ಲ ಚೆಂಡೂ ತನ್ನದೇ. ಕೈಗೆಟುಕುವ ಚೆಂಡನ್ನು ಬಿಡುವುದು ನನಗೆ ಮೈ ಕೊಯ್ದ ಹಾಗೆ ಆಗುತ್ತಿತ್ತು.

ಇದನ್ನು ಸರಿಮಾಡಿದ್ದು ನನ್ನ ಈಗಿನ ಜೊತೆಗಾರ. ಒಂದು ಬೆಳಿಗ್ಗೆ ಕೋರ್ಟ್‌ಗೆ ಬಟ್ಟೆಯ ಟೇಪ್ ತಂದ. ಮಂಡಿಯೂರಿ, ಮಧ್ಯದ ಗೆರೆಯಿಂದ ನನ್ನ ಕಡೆಗೆ ಎರಡು ಹೆಜ್ಜೆ ಬಿಟ್ಟು ನೆಲಕ್ಕೆ ಅಂಟಿಸಿದ. "ಇದರಾಚೆ ಬಂದ ಚೆಂಡನ್ನು ಮುಟ್ಟಬೇಡ. ನಾನು ಬಿಟ್ಟರೂ ಮುಟ್ಟಬೇಡ" ಅಂದ. ಆರು ವಾರ ಹಾಗೇ ಆಡಿದೆವು. ಅಭ್ಯಾಸದ ಗೇಮ್‌ಗಳನ್ನು ಸಾಲಾಗಿ ಸೋತೆವು. ಮೂರನೇ ವಾರದ ಹೊತ್ತಿಗೆ ನನ್ನ ಕಾಲು ತಾನಾಗಿಯೇ ಗೋಡೆ ಕಡೆ ಸರಿಯತೊಡಗಿತು. ಅವನು ಹೊಡೆಯುವಾಗ ನಾನು ಆಗಲೇ ಮುಂದಿನ ಚೆಂಡಿನ ಜಾಗದಲ್ಲಿರುತ್ತಿದ್ದೆ. ಬೆನ್ನಿನ ಗುರುತುಗಳೂ ಕಮ್ಮಿಯಾದವು.

ಸಂಜೆ ಇಬ್ಬರೂ ಕೂತು ಡಬಲ್ಸ್‌ನ ಹೆಸರಾಂತ ಜೋಡಿ ಗ್ಯಾರಿ ವೇಟ್, ಡೇಮಿಯನ್ ಮಜ್ ಅವರ ಹಳೇ ಆಟಗಳ ವಿಡಿಯೊ ನೋಡುತ್ತಿದ್ದೆವು. ಕೆನಡಾದ ವೇಟ್ ಬಲಗೋಡೆ, ಆಸ್ಟ್ರೇಲಿಯಾದ ಮಜ್ ಎಡಗೋಡೆ. ಎಲ್ಲರ ಕಣ್ಣೂ ಮಜ್ ಹೊಡೆತದ ಮೇಲೆ ಇರುತ್ತದೆ. ನಾನು ವೇಟ್ ಕಾಲನ್ನಷ್ಟೇ ನೋಡುತ್ತಿದ್ದೆ. ನನ್ನ ಲೆಕ್ಕದಲ್ಲಿ ಬಲಗೋಡೆ ಕಲಿಯಬೇಕಾದವರಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ.

ದುಡ್ಡಿನ ಮಾತು ಕೇಳುವವರು ಜಾಸ್ತಿ. ಬಹುಮಾನದ ಹಣ ಎರಡು ಪಾಲಾಗುತ್ತದೆ. ವಿಮಾನದ ಟಿಕೆಟ್, ರ‍್ಯಾಕೆಟ್‌ನ ಗಟ್ ಖರ್ಚು ಕಳೆದರೆ ಅದರಲ್ಲೇ ಬದುಕುವವರು ಕೆಲವೇ ಕೆಲವರು. ನಮ್ಮಲ್ಲಿ ಬಹಳಷ್ಟು ಜನ ವಾರವಿಡೀ ಕ್ಲಬ್‌ನಲ್ಲಿ ಕಲಿಸುತ್ತೇವೆ, ವಾರದ ಕೊನೆಗೆ ಟೂರ್ನಿಗೆ ಹೋಗುತ್ತೇವೆ. ಉಳಿದುಕೊಳ್ಳುವುದು ಎಷ್ಟೋ ಸಲ ಅಲ್ಲಿನ ಸದಸ್ಯರ ಮನೆಯಲ್ಲಿ. ಅವರ ಜೊತೆ ಪ್ರೊ-ಆಮ್, ಅಂದರೆ ವೃತ್ತಿಪರರೂ ಹವ್ಯಾಸಿಗಳೂ ಸೇರಿ ಆಡುವ ಪಂದ್ಯವನ್ನೂ ಆಡುತ್ತೇವೆ. ಅದನ್ನು ಹೊರೆ ಅಂದುಕೊಳ್ಳಬೇಡಿ. ಈ ಆಟ ಉಳಿದಿರುವುದೇ ಅವರಿಂದ.

ನನ್ನ ಮೊದಲ ಜೊತೆಗಾರ ಒಂದು ಸೀಸನ್ ಮಧ್ಯೆಯೇ ಬೇರೆಯವರ ಜೊತೆ ಆಡಲು ಹೋದ. ಫೋನ್‌ನಲ್ಲಿ ಎರಡು ಸಾಲಿನ ಮೆಸೇಜ್, ಅಷ್ಟೇ. ಬಹಳ ನೋವಾಯಿತು. ಅವತ್ತಿನಿಂದ ಸೀಸನ್ ಶುರುವಾಗುವ ಮೊದಲೇ ಎಷ್ಟು ಟೂರ್ನಿ, ಯಾರಿಗೆ ಗಾಯವಾದರೆ ಏನು, ಯಾವಾಗ ಬಿಡಬಹುದು ಎಲ್ಲ ಎದುರೆದುರು ಕೂತು ಮಾತಾಡುತ್ತೇನೆ. ನೀವೂ ಮಾತಾಡಿ.

ಕಳೆದ ಸೀಸನ್‌ನ ಒಂದು ಪಂದ್ಯ ಹೇಳಲೇಬೇಕು. ಐದನೇ ಗೇಮ್, 14-14. ಮುಂದಿನ ಪಾಯಿಂಟ್ ಗೆದ್ದವರದು ಪಂದ್ಯ. ಮೂವತ್ತಕ್ಕೂ ಹೆಚ್ಚು ಹೊಡೆತ ಆದಮೇಲೆ ಎದುರಾಳಿ ಎತ್ತಿದ ಚೆಂಡು ಮೆಲ್ಲಗೆ ಮಧ್ಯಕ್ಕೆ ಬಂತು. ಭುಜದ ಎತ್ತರ, ನನ್ನ ಬ್ಯಾಕ್‌ಹ್ಯಾಂಡ್‌ಗೆ ಸರಿಯಾಗಿ. ರ‍್ಯಾಕೆಟ್ ಅರ್ಧ ಎತ್ತಿದ್ದೆ. ಇಳಿಸಿ ಗೋಡೆ ಕಡೆ ಸರಿದೆ. ನನ್ನ ಜೊತೆಗಾರ ಪೂರ್ತಿ ಬಲದಿಂದ ಹೊಡೆದ. ಚೆಂಡು ಟಿನ್‌ಗೆ, ಅಂದರೆ ಮುಂದಿನ ಗೋಡೆಯ ಬುಡದಲ್ಲಿರುವ ತಗಡಿಗೆ ಬಡಿಯಿತು. ಅದಕ್ಕೆ ಬಡಿದರೆ ಪಾಯಿಂಟ್ ಎದುರಾಳಿಗೆ. ಆ ತಗಡಿನ ಸದ್ದು ಇನ್ನೂ ಕಿವಿಯಲ್ಲಿದೆ.

ಅವನು ತಲೆ ಬಗ್ಗಿಸಿ ನಿಂತಿದ್ದ. ನಾನು ಹತ್ತಿರ ಹೋಗಿ, "ಅದು ನಿನ್ನ ಚೆಂಡೇ" ಅಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಮಂಗಳವಾರ ಬೆಳಿಗ್ಗೆ ಅಭ್ಯಾಸಕ್ಕೆ ಬಂದಾಗ ಅವನು ಒಂದೇ ಮಾತು ಕೇಳಿದ: ಅದೇ ಎತ್ತರಕ್ಕೆ, ಅದೇ ಜಾಗಕ್ಕೆ ಚೆಂಡು ಹಾಕ್ತೀಯಾ ಅಂತ. ನೂರು ಹಾಕಿಕೊಟ್ಟೆ.