ನಿಲ್ಲಿಸಿಯೂ ಮಲಗಿಸಿಯೂ ತಳ್ಳುವ ಟ್ರಾಲಿ: ನಾನು ಮಾಡಿಕೊಂಡ ಬಗೆ

ಎರಡು ಗಾಲಿಯ ಹ್ಯಾಂಡ್ ಟ್ರಾಲಿಯ ಮೇಲ್ತುದಿಗೆ ಒಂದು ಜೊತೆ ಕ್ಯಾಸ್ಟರ್ (ಸುತ್ತಲೂ ತಿರುಗುವ ಸಣ್ಣ ಗಾಲಿ) ಬೆಸೆದರೆ ನಾಲ್ಕು ಗಾಲಿಯ ಗಾಡಿಯೂ ಆಯಿತು ಅಂದುಕೊಳ್ಳುವವರು ಬಹಳ. ನಿಲ್ಲಿಸಿ ಎಳೆಯುವಾಗ ಅಂಥದ್ದರಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಮಲಗಿಸಿ ನಡುಮಧ್ಯೆ ಒಂದು ಮೋಟರ್ ಇಟ್ಟಾಗ ಪೈಪು ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಅದಕ್ಕೇ ನಾನು ಲೆಕ್ಕವನ್ನು ಉಲ್ಟಾ ಕಡೆಯಿಂದ ಹಿಡಿದೆ. ಮೊದಲು ಮಲಗಿದ ಗಾಡಿಯ ಅಳತೆ, ಅದಕ್ಕೆ ಹೊಂದುವಂತೆ ನಿಂತ ಟ್ರಾಲಿ. ಗುರಿ ಇಷ್ಟು: ನಿಂತಾಗ 200 ಕೆಜಿ, ಮಲಗಿದಾಗ 300 ಕೆಜಿ. 200 ಲೀಟರಿನ ಎಣ್ಣೆ ಡ್ರಮ್ಮು, 50 ಕೆಜಿಯ ನಾಲ್ಕು ಚೀಲ, ಫ್ರಿಜ್ಜು ನಿಂತು ಹೋಗಬೇಕು. ಮೋಟರು, ಗೇರ್‌ಬಾಕ್ಸು, ಇನ್ವರ್ಟರ್ ಬ್ಯಾಟರಿ ಮಲಗಿದ ಗಾಡಿಯ ಮೇಲೆ ಹೋಗಬೇಕು.

ಎರಡೂ ಭಂಗಿ ಬೇಕಾಗುವುದು ಭಾರದ ಎತ್ತರದಿಂದಾಗಿ. 400 ಎಂಎಂ ಆಳ, 1200 ಎಂಎಂ ಎತ್ತರದ ಪೆಟ್ಟಿಗೆಯ ತೂಕದ ಕೇಂದ್ರ ತಳದಿಂದ 600 ಎಂಎಂ ಮೇಲಿರುತ್ತದೆ. ನನ್ನ ಟ್ರಾಲಿಯಲ್ಲಿ ಅದನ್ನು ಸುಮಾರು 31 ಡಿಗ್ರಿ ಹಿಂದಕ್ಕೆ ಬಗ್ಗಿಸಿದರೆ ತೂಕವೆಲ್ಲ ನೇರ ಆಕ್ಸಲ್ (ಗಾಲಿಗಳ ಅಚ್ಚು) ಮೇಲೆ ಕೂರುತ್ತದೆ, ಕೈಗೆ ಏನೂ ಬರುವುದಿಲ್ಲ. ಅದೇ ತೂಕ ಗಿಡ್ಡವಾಗಿದ್ದು ಕೇಂದ್ರ 300 ಎಂಎಂಗೆ ಇಳಿದರೆ 56 ಡಿಗ್ರಿ ಬಗ್ಗಿಸಬೇಕು. ಅಷ್ಟು ಬಗ್ಗಿಸಿಕೊಂಡು ಯಾರೂ ನಡೆಯಲಾರರು. ಕಡಿಮೆ ಬಗ್ಗಿಸಿದರೆ ಟ್ರಾಲಿ ಮುಂದಕ್ಕೆ ಮುಗ್ಗರಿಸಲು ನೋಡುತ್ತದೆ. ಗಿಡ್ಡ ಭಾರವನ್ನು ಮಲಗಿಸಿಯೇ ಒಯ್ಯಬೇಕು, ಬೇರೆ ದಾರಿಯಿಲ್ಲ.

ಇಡೀ ವಿನ್ಯಾಸ ನಿಂತಿರುವುದು ಒಂದು ಅಳತೆಯ ಮೇಲೆ: ಭಾರ ಒರಗುವ ಮುಖದಿಂದ ಆಕ್ಸಲ್ ಎಷ್ಟು ಹಿಂದಿದೆ ಅನ್ನುವುದು. ಹಿಂದೆ ಹೋದಷ್ಟೂ ಎಬ್ಬಿಸಲು ಹೆಚ್ಚು ಬಲ ಬೇಕು. ಮುಂದೆ ತಂದರೆ ಗಾಲಿ ಪೈಪಿನ ಮುಖಕ್ಕಿಂತ ಆಚೆ ಚಾಚಿ, ಅಗಲವಾದ ಪೆಟ್ಟಿಗೆಯೋ ಡ್ರಮ್ಮೋ ಟೈರಿಗೆ ಉಜ್ಜುತ್ತದೆ. ಮಲಗಿಸಿದಾಗ ಅದೇ ಟೈರು ಹಾಸಿಗಿಂತ ಮೇಲೆದ್ದು ಅಡ್ಡ ಬರುತ್ತದೆ. ಹಾಗಾಗಿ ಗಾಲಿಯ ಅರ್ಧವ್ಯಾಸಕ್ಕೆ 10 ಎಂಎಂ ಸೇರಿಸಿದ್ದೇ ಕನಿಷ್ಠ ದೂರ. 10 ಇಂಚಿನ ಗಾಲಿಗೆ ಸುಮಾರು 140, 8 ಇಂಚಿಗೆ 110. ನಾನು 8 ಇಂಚಿನ ಗಟ್ಟಿ ರಬ್ಬರ್ ಗಾಲಿ ಆರಿಸಿದೆ. ಗಾಳಿ ಟೈರು ಮಣ್ಣಿನ ಅಂಗಳದಲ್ಲಿ ಮೆತ್ತಗೆ ಹೋಗುತ್ತದೆ ನಿಜ. ಆದರೆ ಗಾಳಿ ಇಳಿದಂತೆ ಮಲಗಿದ ಗಾಡಿಯ ಒಂದು ತುದಿಯೂ ಇಳಿಯುತ್ತದೆ, ಮತ್ತು ಗೋಡೌನಿನಲ್ಲಿ ಬಿದ್ದ ಮೊಳೆಗಳು ಅದನ್ನು ಬಹಳ ದಿನ ಬಾಳಿಸುವುದಿಲ್ಲ.

ಪಕ್ಕದ ಎರಡು ಪೈಪು ತಲಾ 1000 ಎಂಎಂ. ರೂಢಿಯಲ್ಲಿ ಎಲ್ಲರೂ ಹಾಕುವುದು 25 ಎನ್‌ಬಿ (ಒಳವ್ಯಾಸದ ಲೆಕ್ಕದ ಸೈಜು) ದುಂಡು ಪೈಪು, ಹೊರವ್ಯಾಸ 33.7, ಗೋಡೆ 2.6, ಮೀಟರಿಗೆ 2 ಕೆಜಿ. ಮಲಗಿದಾಗ ಗಾಲಿಯಿಂದ ಕ್ಯಾಸ್ಟರಿಗೆ 780 ಎಂಎಂ ಅಂತರ. 300 ಕೆಜಿ ನಟ್ಟನಡುವೆ ಕೂತರೆ ಈ ಪೈಪಿನಲ್ಲಿ ಚದರ ಎಂಎಂಗೆ 159 ನ್ಯೂಟನ್ ಒತ್ತಡ. ಕಡಪ ಕಲ್ಲಿನ ಸಂದಿಗೆ ಗಾಲಿ ಬಿದ್ದು ಎದ್ದರೆ ಅದು ಇಮ್ಮಡಿಯಾಗುತ್ತದೆ ಎಂದೇ ಲೆಕ್ಕ ಹಿಡಿಯಬೇಕು. ಎಂಎಸ್, ಅಂದರೆ ಸಾದಾ ಉಕ್ಕು, ಸುಮಾರು 250ಕ್ಕೆ ಬಾಗಿಹೋಗುತ್ತದೆ. 50×25×2ರ ಚಪ್ಪಟೆ ಚೌಕ ಪೈಪನ್ನು 50ರ ಬದಿ ಆಳಕ್ಕೆ ಬರುವಂತೆ ನಿಲ್ಲಿಸಿದರೆ ಅದೇ ಭಾರಕ್ಕೆ ಒತ್ತಡ 81. ತೂಕ ಮೀಟರಿಗೆ 2.2 ಕೆಜಿ, ಅಂದರೆ ಹೆಚ್ಚಾದದ್ದು ಮೀಟರಿಗೆ ಕಾಲು ಕೆಜಿಯೂ ಇಲ್ಲ. ನಿಂತ ಟ್ರಾಲಿಯೊಂದೇ ಆಗಿದ್ದರೆ ದುಂಡು ಪೈಪು ಸಾಕಿತ್ತು.

ಪೈಪುಗಳ ಹೊರ ಅಗಲ 350, ಒಳ ಅಗಲ 300. ಅಡ್ಡಪಟ್ಟಿ ಎಲ್ಲಿ ಬೆಸೆಯಬೇಕು ಅನ್ನುವುದನ್ನು ಡ್ರಮ್ಮು ತೀರ್ಮಾನಿಸುತ್ತದೆ. 585 ಎಂಎಂ ವ್ಯಾಸದ ಡ್ರಮ್ಮು ಎರಡು ಪೈಪಿನ ಒಳ ಅಂಚಿಗೆ ಒರಗಿದಾಗ ಅದರ ಹೊಟ್ಟೆ ನಡುವೆ 41 ಎಂಎಂ ಒಳಗೆ ಬರುತ್ತದೆ. ಅಡ್ಡಪಟ್ಟಿಯನ್ನು ಮುಂಬದಿಗೆ ಸಮನಾಗಿ ಹಾಕಿದರೆ ಡ್ರಮ್ಮು ಆ ಒಂದೇ ಪಟ್ಟಿಯ ಮೇಲೆ ನಿಂತು ಆಚೀಚೆ ಹೊರಳುತ್ತದೆ. 40×6ರ ಎರಡು ಫ್ಲಾಟನ್ನು ಪೈಪಿನ ಹಿಂಬದಿಗೆ ಬೆಸೆದರೆ 50 ಎಂಎಂ ಜಾಗ ಸಿಗುತ್ತದೆ, ಡ್ರಮ್ಮು ಎರಡು ಅಂಚಿನ ನಡುವೆ ತಾನೇ ಕೂರುತ್ತದೆ. ಆಕ್ಸಿಜನ್ ಸಿಲಿಂಡರು ಮಾತ್ರ 300ಕ್ಕಿಂತ ಸಣ್ಣ ವ್ಯಾಸದ್ದು, ಪೈಪುಗಳ ನಡುವೆ ಒಳಗೇ ಇಳಿದು ಫ್ಲಾಟಿಗೆ ತಾಗುತ್ತದೆ. ಅದಕ್ಕೆ ಬೆಲ್ಟ್ ಕಟ್ಟದೆ ಒಯ್ಯಬಾರದು.

ತಳದ ಪ್ಲೇಟು 6 ಎಂಎಂ, ಅಗಲ 350, ಮುಂದಕ್ಕೆ 200 ಚಾಚು. ಪೈಪುಗಳು ಈ ಪ್ಲೇಟಿನ ಮೇಲೇ ನಿಲ್ಲುತ್ತವೆ. ಪ್ಲೇಟು ಅವುಗಳ ಹಿಂದೆ 75 ಎಂಎಂ ಮೇಲಕ್ಕೆ ಮಡಚಿಕೊಂಡು ಬೆನ್ನಿಗೆ ಬೆಸೆದುಕೊಳ್ಳುತ್ತದೆ. 5 ಎಂಎಂ ಹಾಕಿದರೆ 200 ಕೆಜಿಗೆ ಒತ್ತಡ 200 ದಾಟುತ್ತದೆ, ಒಂದೆರಡು ಸಲ ಧೊಪ್ಪೆಂದು ಇಳಿಸಿದರೆ ತುದಿ ಜೋತುಬೀಳುತ್ತದೆ. ಮಡಚುವ ಗೆರೆ ಶೀಟು ರೋಲ್ ಆದ ದಿಕ್ಕಿಗೆ ಅಡ್ಡವಾಗಿರಲಿ, ಉದ್ದಕ್ಕೆ ಬಂದರೆ ಮಡಿಕೆಯ ಹೊರಮೈ ಬಿರಿಯುತ್ತದೆ. ಮುಂದಿನ ಅಂಚನ್ನು ಮೇಲಿನಿಂದ ಗ್ರೈಂಡರಿನಲ್ಲಿ ಇಳಿಜಾರು ಮಾಡಿ 2 ಎಂಎಂಗೆ ತಂದರೆ ಚೀಲದ ಕೆಳಗೆ ಸಲೀಸಾಗಿ ಹೋಗುತ್ತದೆ. ಅದಕ್ಕಿಂತ ಚೂಪು ಮಾಡಿದರೆ ಚೀಲ ಹರಿಯುತ್ತದೆ. ಈ ಪ್ಲೇಟನ್ನು ಕೀಲಿನಿಂದ ಮಡಚುವಂತೆ ಮಾಡುವವರೂ ಇದ್ದಾರೆ. ಅತಿ ಹೆಚ್ಚು ಹೊಡೆತ ಬೀಳುವ ಜಾಗದಲ್ಲಿ ಕೀಲು ನನಗೆ ಸರಿಬರುವುದಿಲ್ಲ. ಮಲಗಿದಾಗ ಅದು ನೆಟ್ಟಗೆ ನಿಂತು ಸಾಮಾನು ಜಾರದಂತೆ ತಡೆಯಲಿ.

ಆಕ್ಸಲ್ 20 ಎಂಎಂ ಇಎನ್8 ದರ್ಜೆಯ ಉಕ್ಕಿನ ಬ್ರೈಟ್ ಬಾರ್ (ನುಣುಪು ಸರಳು), ಗಾಲಿಯ ಬೇರಿಂಗ್ 6204 ನಂಬರಿನದು. ಗಾಲಿಯ ನಡು ಆಕ್ಸಲ್ ಹಿಡಿಯುವ ಬ್ರಾಕೆಟ್ಟಿನಿಂದ 35 ಎಂಎಂ ಹೊರಗಿದೆ. ನೆಲ ಓರೆಯಿದ್ದರೆ ಒಂದೇ ಗಾಲಿಗೆ 150 ಕೆಜಿ ಬೀಳಬಹುದು ಅಂದುಕೊಂಡರೆ 20ರಲ್ಲಿ ಒತ್ತಡ 67, 16ರಲ್ಲಿ 131. ಹೊಡೆತಕ್ಕೆ ಇಮ್ಮಡಿ ಮಾಡಿ ನೋಡಿ, 16 ಯಾಕೆ ಬೇಡ ಅನ್ನುವುದು ಗೊತ್ತಾಗುತ್ತದೆ. ಇಎನ್8ರಲ್ಲಿ ಇಂಗಾಲ ಸುಮಾರು 0.4 ಶೇಕಡಾ ಇರುವುದರಿಂದ ಅದನ್ನು ನೇರವಾಗಿ ಬೆಸೆಯಬಾರದು. ಬೆಸುಗೆಯ ಅಂಚು ಗಡುಸಾಗಿ ಅಲ್ಲೇ ಬಿರುಕು ಹುಟ್ಟುತ್ತದೆ. ಪ್ರತಿ ಪೈಪಿನ ಎರಡೂ ಮಗ್ಗುಲಿಗೆ 6 ಎಂಎಂ ತ್ರಿಕೋನ ಪ್ಲೇಟು ಬೆಸೆದು, ಅವುಗಳ ತೂತಿನಲ್ಲಿ ಆಕ್ಸಲ್ ತೂರಿಸಿ, ಹೊರಗೆ ವಾಷರ್ ಮತ್ತು ಸ್ಪ್ಲಿಟ್ ಪಿನ್ ಹಾಕಿದೆ. ನಾಲ್ಕೂ ಪ್ಲೇಟನ್ನು ಒಟ್ಟಿಗೆ ಟ್ಯಾಕ್ ಮಾಡಿ (ಚುಕ್ಕೆ ಬೆಸುಗೆ ಹಾಕಿ) ಒಂದೇ ಸಲ ಡ್ರಿಲ್ ಮಾಡುವುದು ಒಳ್ಳೆಯದು. 350 ಎಂಎಂ ಅಗಲದಲ್ಲಿ ಆಕ್ಸಲ್ 2 ಎಂಎಂ ಓರೆಯಾದರೂ ಹತ್ತು ಮೀಟರ್ ತಳ್ಳುವಷ್ಟರಲ್ಲಿ ಗಾಡಿ 57 ಎಂಎಂ ಪಕ್ಕಕ್ಕೆ ಎಳೆದಿರುತ್ತದೆ.

ಕ್ಯಾಸ್ಟರ್ ಕೊಳ್ಳುವಾಗ ಗಾಲಿಯ ಸೈಜಿಗಿಂತ ಒಟ್ಟು ಎತ್ತರ ನೋಡಬೇಕು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ 5 ಇಂಚಿನದು ಕೇಳಿದರೆ ಹಲವು ಎತ್ತರದವು ಬರುತ್ತವೆ, ಟೇಪು ಜೇಬಿನಲ್ಲಿರಲಿ. ಲೆಕ್ಕ ಸರಳ: ಮಲಗಿದಾಗ ಆಕ್ಸಲ್ ನೆಲದಿಂದ 100 ಎಂಎಂ, ಪೈಪಿನ ಕೆಳಮೈ ಅದಕ್ಕಿಂತ 60 ಮೇಲೆ, ಒಟ್ಟು 160. ಕ್ಯಾಸ್ಟರ್ ಕೂರುವ 6 ಎಂಎಂ ಸೀಟ್ ಪ್ಲೇಟು, 155 ಎತ್ತರದ ಕ್ಯಾಸ್ಟರ್ ಸೇರಿದರೆ 161. ಒಂದು ಎಂಎಂ ಲೆಕ್ಕಕ್ಕಿಲ್ಲ. 3 ಎಂಎಂ ದಾಟಿದರೆ ಪ್ಯಾಕಿಂಗ್ ಕೊಟ್ಟು ಸರಿಮಾಡಬೇಕು, ಇಲ್ಲವಾದರೆ ಕ್ಯಾಸ್ಟರ್ ತಿರುಗುವ ಕಿಂಗ್‌ಪಿನ್ ಓರೆಯಾಗಿ, ಭಾರ ಬಿದ್ದಾಗ ಗಾಲಿ ತಾನಾಗಿ ಒಂದೇ ಕಡೆಗೆ ಹೊರಳಲು ನೋಡುತ್ತದೆ. ಸೀಟ್ ಪ್ಲೇಟು 350×120, ಎರಡೂ ಪೈಪನ್ನು ಹಿಡಿಯುವ ಒಂದೇ ತುಂಡು. ಚೌಕಟ್ಟು ತಿರುಚಿಕೊಳ್ಳದಂತೆ ಹಿಡಿಯುವುದೂ ಅದೇ. ಎರಡೂ ಕ್ಯಾಸ್ಟರಿಗೆ ಬ್ರೇಕ್ ಇರಲಿ.

45 ಡಿಗ್ರಿಯಲ್ಲಿ ನಿಲ್ಲುವ ಮೂರನೆಯ ಭಂಗಿ ಅಂಗಡಿಯ ಟ್ರಾಲಿಗಳಲ್ಲಿ ಸಿಗುತ್ತದೆ. ನಾನು ಕೈಬಿಟ್ಟೆ. ಅದಕ್ಕೆ ಬೇರೆ ಮಡಚುಕಾಲು ಬೇಕು, ಆ ಕಾಲಿನಲ್ಲೂ ಕಿಂಗ್‌ಪಿನ್ ನೆಲಕ್ಕೆ ನೆಟ್ಟಗೆ ಬರಬೇಕು. ಇಷ್ಟೆಲ್ಲ ಮಾಡಿದರೆ 26 ಕೆಜಿಯ ಟ್ರಾಲಿ 30 ದಾಟುತ್ತದೆ.

ಇನ್ನು ಹ್ಯಾಂಡಲ್. ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲೇ. ಮಲಗಿದ ಗಾಡಿ ತಳ್ಳಲು ಹಿಡಿ ಸೊಂಟದ ಮಟ್ಟಕ್ಕೆ ಬರಬೇಕು, ಹಾಗಾದರೆ ಹಿಡಿ ಮಡಚುವ ಕೀಲಿನಿಂದ 690 ಎಂಎಂ ಉದ್ದ ಬೇಕು. ಕೀಲು ತಳದಿಂದ 960ರಲ್ಲಿದೆ. ನಿಂತಾಗ ಒಟ್ಟು 1650 ಆಗುತ್ತದೆ. ತುಂಬ ಎತ್ತರ ಅನ್ನಿಸಬಹುದು, ಆದರೆ ಎಬ್ಬಿಸುವಾಗ ಆ ಉದ್ದವೇ ಸನ್ನೆಯಾಗುತ್ತದೆ. ಮೊದಲು ಹೇಳಿದ 200 ಕೆಜಿ ಪೆಟ್ಟಿಗೆಯನ್ನು 1250ರಲ್ಲಿ ಹಿಡಿದೆಳೆದರೆ 54 ಕೆಜಿ ಬಲ ಬೇಕು, 1650ರಲ್ಲಿ 40 ಸಾಕು. ಆಕ್ಸಲ್ಲಿಗೆ ಒಂದು ಕಾಲು ಒತ್ತಿ, ಮೇಲಿನ ಅಡ್ಡಹಿಡಿಯಿಂದ ಎಳೆದು, ಬಗ್ಗಿದ ಮೇಲೆ ಕೈಯನ್ನು ಪಕ್ಕದ ಕಾಲುಗಳಿಗೆ ಇಳಿಸಿಕೊಂಡು ನಡೆಯುವುದು. ಹಿಡಿಯನ್ನು ಯು ಆಕಾರಕ್ಕೆ ಮಾಡಿದ್ದು ಅದಕ್ಕೇ. 32 ಎಂಎಂ ಹೊರವ್ಯಾಸ, 2 ಎಂಎಂ ಗೋಡೆಯ ದುಂಡು ಪೈಪು ಹಿಡಿತಕ್ಕೂ ಹಿತ, ಬಾಗುವುದೂ ಇಲ್ಲ.

ಕೀಲು ಎಂ12 (12 ಎಂಎಂ) ಬೋಲ್ಟು. 2 ಎಂಎಂ ಗೋಡೆಯ ಪೈಪಿಗೆ ಬರೀ ತೂತು ಹೊಡೆದು ಬೋಲ್ಟು ಬಿಗಿದರೆ ಪೈಪು ಚಪ್ಪಟೆಯಾಗುತ್ತದೆ, ಆಮೇಲೆ ಎಷ್ಟು ಬಿಗಿದರೂ ಸಡಿಲ. ಪೈಪಿನ ಮೂಲಕ ಬುಶ್ (ಕೊಳವೆಯ ತುಂಡು) ತೂರಿಸಿ ಎರಡೂ ಕಡೆ ಬೆಸೆದು, ಅದರೊಳಗೆ ಬೋಲ್ಟು ಹಾಕಿ ತಾನಾಗಿ ಸಡಿಲವಾಗದ ನೈಲಾಕ್ ನಟ್ ಬಿಗಿಯಬೇಕು. ಲಾಕ್ ಪಿನ್ ಎಲ್ಲಿ ಅನ್ನುವುದು ಮುಖ್ಯ. ಕೀಲಿನ ಮೇಲೆ ಇಟ್ಟರೆ ಅದರ ಪ್ಲೇಟು ಮುಂದಕ್ಕೆ ಚಾಚಿ ಎತ್ತರದ ಫ್ರಿಜ್ಜಿಗೆ ತಾಗುತ್ತದೆ. ಹಾಗಾಗಿ ಹಿಡಿಯ ಕಾಲನ್ನು ಕೀಲಿನಿಂದ ಕೆಳಗೆ 90 ಎಂಎಂ ಬಾಲ ಬಿಟ್ಟು, ಕೀಲಿನಿಂದ 75 ಎಂಎಂ ದೂರದಲ್ಲಿ ಪಿನ್ ಕೊಟ್ಟೆ. ನಿಂತಾಗ ಬಾಲ ಪೈಪಿನ ಪಕ್ಕದಲ್ಲೇ ಅಡಗುತ್ತದೆ, ಮಲಗಿದಾಗ ನೆಲದ ಕಡೆ ಇಳಿಯುತ್ತದೆ. ವೃತ್ತದ ಕಾಲುಭಾಗದ ಆಕಾರದ 6 ಎಂಎಂ ಪ್ಲೇಟಿನಲ್ಲಿ ಎರಡು ತೂತು, 90 ಡಿಗ್ರಿ ಅಂತರ. ಕ್ಯಾಸ್ಟರಿನ ಕಿಂಗ್‌ಪಿನ್ ಕೀಲಿನಿಂದ 120 ಎಂಎಂ ತಳದ ಕಡೆಗೆ ಇರಬೇಕು, ಹತ್ತಿರ ಬಂದರೆ ತಿರುಗುವ ಗಾಲಿ ಬಾಲಕ್ಕೆ ಬಡಿಯುತ್ತದೆ.

75 ಯಾಕೆ? ಹಿಡಿಯ ತುದಿಯಲ್ಲಿ ಕೊಟ್ಟ 40 ಕೆಜಿ ಬಲ ಪಿನ್ ಹತ್ತಿರ ಸುಮಾರು 370 ಕೆಜಿ ಆಗುತ್ತದೆ. 40 ಎಂಎಂ ದೂರದಲ್ಲಿ ಪಿನ್ ಇದ್ದಿದ್ದರೆ 690. ಅದನ್ನು 3 ಎಂಎಂ ಪ್ಲೇಟಿನ ತೂತು ಹೊತ್ತರೆ ಕೆಲವೇ ದಿನದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸಡಿಲವೂ ಹಾಗೇ: ತೂತಿನಲ್ಲಿ ಅರ್ಧ ಎಂಎಂ ಆಟವಿದ್ದರೆ 75ರಲ್ಲಿ ಹಿಡಿ 5 ಎಂಎಂ ಅಲ್ಲಾಡುತ್ತದೆ, 40ರಲ್ಲಿ 9. ಎರಡೂ ಬದಿಗೆ 12 ಎಂಎಂ ಪಿನ್ ಬೇಕು. ಒಂದೇ ಬದಿ ಹಾಕಿದರೆ ಯು ತಿರುಚಿಕೊಳ್ಳುತ್ತದೆ. ಪಿನ್ನಿಗೆ ಸರಪಳಿ ಕಟ್ಟುವುದನ್ನು ಮರೆಯಬೇಡಿ, ಕಟ್ಟದಿದ್ದರೆ ಸ್ವಲ್ಪ ದಿನದಲ್ಲಿ ಅಲ್ಲಿ ತುಂಡು ಕಂಬಿ ತೂರಿರುವುದನ್ನು ನೋಡುತ್ತೀರಿ.

ಬೆಸುಗೆಗೆ 6013 ನಂಬರಿನ 2.5 ಎಂಎಂ ವೆಲ್ಡಿಂಗ್ ರಾಡು, 70–80 ಆಂಪಿಯರ್. 3.15 ರಾಡಿನಲ್ಲಿ 2 ಎಂಎಂ ಪೈಪು ತೂತಾಗುತ್ತದೆ. ಎಲ್ಲವನ್ನೂ ಟ್ಯಾಕ್ ಮಾಡಿ, ಕರ್ಣ ಎರಡೂ 2 ಎಂಎಂ ಒಳಗೆ ಹೊಂದಿದ ಮೇಲೆ ಎಡಕ್ಕೊಂದು ಬಲಕ್ಕೊಂದು ಬದಲಿಸುತ್ತ ತುಂಬಬೇಕು. ಜಿಐ (ಸತು ಲೇಪಿಸಿದ) ಪೈಪು ಬೇಡ, ಸತುವಿನ ಹೊಗೆ ಕೆಟ್ಟದ್ದು, ಬೆಸುಗೆಯೂ ಗುಳ್ಳೆಗುಳ್ಳೆ.

ಬಣ್ಣ ಬಳಿಯುವ ಮೊದಲು ಪರೀಕ್ಷೆ. ಮಲಗಿಸಿ, ಪೈಪಿನ ಉದ್ದಕ್ಕೆ ದಾರ ಎಳೆದು ಕಟ್ಟಿ, ಏಳು ಸಿಮೆಂಟ್ ಚೀಲ ಹೇರಿದರೆ 350 ಕೆಜಿ. ನಡುವೆ ಇಳಿತ 1 ಎಂಎಂಗಿಂತ ಕಡಿಮೆ ಬರಬೇಕು, ಚೀಲ ಇಳಿಸಿದಾಗ ದಾರ ಮೊದಲಿನ ಜಾಗಕ್ಕೇ ಹೊಂದಬೇಕು. ಹೊಂದದಿದ್ದರೆ ಪೈಪಲ್ಲ, ಹೆಚ್ಚಾಗಿ ಸೀಟ್ ಪ್ಲೇಟಿನ ಬೆಸುಗೆ ಬಿಟ್ಟಿರುತ್ತದೆ.

ಬಳಕೆಯಲ್ಲಿ ದೊಡ್ಡ ತೊಡಕು ಹೊಸ್ತಿಲು. 25 ಎಂಎಂ ಮೆಟ್ಟನ್ನು ನೇರ ತಳ್ಳಿ ಹತ್ತಿಸಲು 8 ಇಂಚಿನ ಗಾಲಿಗೆ ಅದರ ಮೇಲಿನ ಭಾರದ 0.88 ಪಟ್ಟು ಬಲ ಬೇಕು, 5 ಇಂಚಿನ ಕ್ಯಾಸ್ಟರಿಗೆ 1.33 ಪಟ್ಟು. ಅದಕ್ಕೇ ಮೋಟರನ್ನು ತಳದ ಪ್ಲೇಟಿನ ಕಡೆಗೆ ಸರಿಸಿ ಇಡಬೇಕು, ಕ್ಯಾಸ್ಟರ್ ಮೇಲೆ ಕಡಿಮೆ ತೂಕ ಬೀಳುತ್ತದೆ. ಆದರೂ 300 ಕೆಜಿಗೆ ಹೊಸ್ತಿಲಿನ ಎರಡೂ ಕಡೆ ಇಳಿಜಾರು ಹಲಗೆ ಹಾಕದೆ ದಾಟಲು ಹೋಗಬೇಡಿ. ಬೇರಿಂಗ್ ಸೀಲ್ ಇರುವುದಾದರೆ ಅದಕ್ಕೆ ಗ್ರೀಸ್ ಬೇಕಿಲ್ಲ. ಕೀಲಿಗೂ ಪಿನ್ನಿಗೂ ಗ್ರೀಸ್ ಹಚ್ಚಿದರೆ ಸಿಮೆಂಟ್ ಧೂಳು, ಹಿಟ್ಟು ಎಲ್ಲ ಅಂಟಿಕೊಂಡು ಗಟ್ಟಿಯಾಗುತ್ತದೆ. ಮೇಣದಬತ್ತಿ ಉಜ್ಜಿದರೆ ಸಾಕು.