ಮಸಿ ತುಂಬಿಕೊಳ್ಳುತ್ತಿದ್ದ ಒತ್ತಕ್ಷರ

ರಾಯಚೂರಿನ ಮೇ ತಿಂಗಳು. ಮಧ್ಯಾಹ್ನ 40 ಡಿಗ್ರಿ ದಾಟಿದರೆ ನಮ್ಮ ಟ್ರೆಡಲ್ ಮಷಿನ್ (ಕಾಲಿನಿಂದ ತುಳಿದು ನಡೆಸುವ ಅಚ್ಚಿನ ಯಂತ್ರ) ಮೇಲಿನ ಇಂಕು ಎಣ್ಣೆಯ ಹಾಗೆ ತೆಳುವಾಗುತ್ತದೆ. ಕವನದ ಪುಟಗಳಲ್ಲಿ ಷ್ಟ, ಕ್ಷ, ಣ್ಣಗಳ ಹೊಟ್ಟೆ ತುಂಬಿ ಕಪ್ಪಾಗುತ್ತಿತ್ತು. ಒತ್ತುಗಳ ಒಳಜಾಗ ಬಹಳ ಸಣ್ಣದು, ಕಾಟ ಮೊದಲು ಅಲ್ಲೇ.

ಇಂಕು ಕಡಿಮೆ ಮಾಡಿದರೆ ಶೀರ್ಷಿಕೆ ಮಂಕಾಯಿತು. ಸರಿಹೋದದ್ದು ಅಕ್ಷರಗಳಿಗೆ ಮಸಿ ಸವರುವ ರೋಲರ್‌ನಿಂದ. ಮೊಳೆಯ, ಅಂದರೆ ಅಚ್ಚಿಗೆ ಜೋಡಿಸುವ ಲೋಹದ ಅಕ್ಷರದ, ಎತ್ತರ 0.918 ಇಂಚು, ರೋಲರ್ ಅದಕ್ಕಿಂತ ತಗ್ಗಿನಲ್ಲಿ ಓಡಿದರೆ ಮೊಳೆಯ ಮುಖಕ್ಕೆ ಸವರುವ ಮಸಿಯನ್ನು ಸಂದಿಯೊಳಗೂ ತಳ್ಳುತ್ತದೆ. ರೋಲರ್ ಓಡುವ ಹಳಿಗಳಿಗೆ ಪದರಪದರವಾಗಿ ಟೇಪು ಅಂಟಿಸಿ ಎತ್ತರಿಸಿದೆ, ರೋಲರ್ ಮೊಳೆಯ ಮಟ್ಟದಲ್ಲಿ ಬಿಡುವ ಮಸಿಗೆರೆಯ ಅಗಲ ಸುಮಾರು 3 ಮಿಲಿಮೀಟರಿಗೆ ಇಳಿಯುವವರೆಗೆ. ಇಂಕಿಗೆ ಚಿಟಿಕೆ ಮೆಗ್ನೀಷಿಯಂ ಕಾರ್ಬೊನೇಟ್ ಕಲಸಿ ಗಟ್ಟಿ ಮಾಡಿದೆ. ಅದನ್ನು ಚಿಟಿಕೆಯಲ್ಲೇ ನಿಲ್ಲಿಸಿ.

ಈಗ ಷ್ಟದ ಒತ್ತು ಬಿಳಿಯಾಗಿ ತೆರೆದಿದೆ, ನನಗಂತೂ ದೊಡ್ಡ ಸಂತೋಷ. ಬೇಸಿಗೆಯಲ್ಲಿ ಕವನದ ಪುಟಗಳ ಅಚ್ಚು ಬೆಳಗಿನ ತಂಪಿನಲ್ಲೇ. ಬಿಸಿಲೇರಿದ ಮೇಲೆ ಹೊಲಿಗೆ, ಮಡಿಕೆ ಕೆಲಸ.