ಚೆಂಗ್ದೂನಲ್ಲಿ ಬಸಳೆ ಸಿಗುತ್ತದೆ

ನಾವಿಬ್ಬರೂ ಶಿಕ್ಷಕರು. ನಾನು ಫಿಸಿಕ್ಸ್, ನಮ್ಮವರು ಗಣಿತ. ಚೀನಾದ ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ದೂನಲ್ಲಿ, ಒಂದು ಶಾಲೆಯ ಅಂತರರಾಷ್ಟ್ರೀಯ ವಿಭಾಗದ ಎ-ಲೆವೆಲ್ (ಬ್ರಿಟಿಷ್ ಮಾದರಿಯ ಪಿಯುಸಿ ಅನ್ನಿ) ಮಕ್ಕಳಿಗೆ ಪಾಠ ಹೇಳುತ್ತೇವೆ. ಬರೀ ಇಂಗ್ಲಿಷ್ ಭಾಷೆ ಕಲಿಸುವ ಕೆಲಸ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಲ್ಲಿ ಸಿಗುವುದು ಕಷ್ಟ. ಅದಕ್ಕೆ ಇಂಗ್ಲಿಷ್ ಮಾತೃಭಾಷೆಯ ದೇಶದವರನ್ನೇ ಮೊದಲು ನೋಡುತ್ತಾರೆ. ಗಣಿತ, ವಿಜ್ಞಾನ, ಯೋಗ, ಈ ಮೂರು ಬಾಗಿಲುಗಳಿಂದ ನಮ್ಮ ಕಡೆಯವರು ಒಳಗೆ ಬರುತ್ತಾರೆ.

ಹೊರಡುವ ಮುಂಚೆ ಚೀನಾದಲ್ಲಿ ವಿದೇಶಿ ಶಿಕ್ಷಕರ ಬದುಕು ಹೇಗಿರುತ್ತದೆ ಅಂತ ಸಿಕ್ಕಿದ್ದೆಲ್ಲ ಓದಿಕೊಂಡಿದ್ದೆವು. ಬಹುಪಾಲು ಕೆನಡಾ, ಬ್ರಿಟನ್, ದಕ್ಷಿಣ ಆಫ್ರಿಕಾದವರು ಬರೆದದ್ದು. ಕುಕ್ಕರಗಾಲಲ್ಲಿ ಕೂರುವ ಶೌಚಾಲಯ, ಎಲ್ಲರೂ ಬಿಸಿನೀರು ಕುಡಿಯುವುದು, ಬೀದಿಯ ಗದ್ದಲ, ಮೆಣಸಿನ ಖಾರ, ಮೂರು ಹೊತ್ತೂ ಅನ್ನ, ಅವರ ಗೋಳು ಇವೇ. ನಮಗೆ ಇವುಗಳಲ್ಲಿ ಒಂದೂ ಗೋಳಲ್ಲ. ನಮ್ಮ ತೊಡಕುಗಳೇ ಬೇರೆ, ಅವನ್ನು ಯಾರೂ ಬರೆದಿರಲಿಲ್ಲ. ಹಾಗಾಗಿ ಇದು.

ಮೊದಲು ಊಟ. ನನ್ನೂರು ಕುಮಟಾ, ನಾನು ಮೀನು ತಿನ್ನುವವಳು. ನಮ್ಮವರು ಸಾಗರದ ಕಡೆಯವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಸಿಚುವಾನ್ ಅಡುಗೆಯಲ್ಲಿ ಹ್ವಾಜ್ಯಾವೊ ಎಂಬ ಕಾಳು ಬೀಳುತ್ತದೆ, ಬಾಯಿ ತುಟಿ ಎಲ್ಲ ಜುಮ್ಮೆನ್ನುತ್ತದೆ. ನಮ್ಮ ಜೊತೆಗಿದ್ದ ಬಿಳಿಯ ಸಹೋದ್ಯೋಗಿಯೊಬ್ಬರು ಅಲರ್ಜಿ ಆಯಿತೆಂದು ಹೆದರಿ ನೀರು ಕುಡಿದಿದ್ದೇ ಕುಡಿದಿದ್ದು. ಬಂಗಡೆ ಸಾರಿಗೆ ಜುಮ್ಮನಕಾಯಿ ಜಜ್ಜಿ ಹಾಕುವ ಮನೆಯಿಂದ ಬಂದವಳಿಗೆ ಅದು ಹೊಸತಲ್ಲ. ಎರಡೂ ಒಂದೇ ಕುಲದ ಗಿಡಗಳು. ಹಾನ್‌ಯುವಾನ್ ಎಂಬಲ್ಲಿ ಬೆಳೆಯುವ ಹ್ವಾಜ್ಯಾವೊ ಹಿಂದೆ ಅರಮನೆಗೆ ಕಾಣಿಕೆಯಾಗಿ ಹೋಗುತ್ತಿದ್ದುದು. ನಾನದನ್ನು ಮೀನುಸಾರಿಗೆ ಧಾರಾಳವಾಗಿ ಹಾಕುತ್ತೇನೆ.

ಖಾರ ಸುಲಭ. ಕಷ್ಟ ಇರುವುದು ಕಣ್ಣಿಗೆ ಬೀಳದ ಮಾಂಸದಲ್ಲಿ. ಒಣಗುವ ಹಾಗೆ ಹುರಿದ ಹುರುಳಿಕಾಯಿ (ಬೀನ್ಸ್) ತಟ್ಟೆಯಲ್ಲಿ ಅಚ್ಚಹಸಿರಾಗಿ ಬರುತ್ತದೆ, ಮಧ್ಯೆ ಉಪ್ಪು ಹಾಕಿಟ್ಟ ಸಾಸಿವೆಸೊಪ್ಪಿನ ಚೂರಿನಂತೆ ಕಾಣುವುದರಲ್ಲಿ ಅರ್ಧ ಹಂದಿಯ ಖೈಮಾ. ‘ಮೀನಿನ ಪರಿಮಳದ ಬದನೆಕಾಯಿ’ ಎಂಬ ಪಲ್ಯದಲ್ಲಿ ಮೀನೇ ಇರುವುದಿಲ್ಲ, ಹಂದಿ ಖೈಮಾ ಇರುತ್ತದೆ. ಚೆಂಗ್ದೂನಲ್ಲೇ ಹುಟ್ಟಿದ ಮಾಪೋ ತೋಫುವಿಗೆ (ತೋಫು ಅಂದರೆ ಸೋಯಾ ಪನೀರ್) ಸಾಂಪ್ರದಾಯಿಕವಾಗಿ ಹಾಕುವುದು ದನದ ಮಾಂಸದ ಖೈಮಾ. ಸೊಪ್ಪನ್ನು ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲೇ ಹುರಿಯುತ್ತಾರೆ, ಘಮ ಬರಲಿ ಅಂತ. ಎಳ್ಳುಹೂರಣದ ಅಕ್ಕಿ ಉಂಡೆಯ ಹೂರಣದಲ್ಲೂ ಅದೇ ಕೊಬ್ಬು. ಬೇಕರಿಯಲ್ಲಿ ಬನ್ನಿನ ಮೇಲೆ ಕೊಬ್ಬರಿತುರಿ ಉದುರಿಸಿದ ಹಾಗೆ ಕಾಣುವುದು ಒಣಗಿಸಿ ನಾರು ಬಿಡಿಸಿದ ಹಂದಿಮಾಂಸ. ಸಿಹಿ ತಿಂಡಿ ಅಂಗಡಿಯಲ್ಲೂ ಎಚ್ಚರ ತಪ್ಪುವಂತಿಲ್ಲ ಅಂದರೆ ನಮ್ಮವರ ಮುಖ ಹೇಗಿದ್ದೀತು, ನೀವೇ ಊಹಿಸಿ.

ಇಲ್ಲಿ ಕೆಲಸಕ್ಕೆ ಬಂದದ್ದು ಒಂದು ಉಪಾಯ. ‘ಮಾಂಸ ಬೇಡ’ ಎಂದರೆ ಅಡುಗೆಯವರು ದೊಡ್ಡ ತುಂಡುಗಳನ್ನು ಬಿಟ್ಟು ಉಳಿದದ್ದನ್ನು ಹಾಗೇ ಮಾಡಿಕೊಡುತ್ತಾರೆ. ಖೈಮಾ, ಕೊಬ್ಬು, ಮೂಳೆಯ ಸ್ಟಾಕ್ ಅವರ ಲೆಕ್ಕದಲ್ಲಿ ರುಚಿಗೆ ಹಾಕುವ ವಸ್ತುಗಳು. ಅದರ ಬದಲು ‘ವೋ ಛ್ ಸೂ’, ನಾನು ಸಸ್ಯಾಹಾರದ ವ್ರತದವನು ಎಂಬ ಅರ್ಥದಲ್ಲಿ ಹೇಳಿದರೆ ತಕ್ಷಣ ತಿಳಿಯುತ್ತದೆ. ಬೌದ್ಧ ಮನೆತನದ ಹಿರಿಯರು ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುವ ರೂಢಿ ಇದೆ, ಹಾಗಾಗಿ ವಯಸ್ಸಾದ ಅಡುಗೆಯವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಇಪ್ಪತ್ತರ ಹರೆಯದ ಮಾಣಿಗಳಿಗೇ ಗೊತ್ತಾಗುವುದು ತಡ. ಎರಡನೇ ಮಾತು ಎಣ್ಣೆಯದು: ‘ಚಿಂಗ್ ಯೋ’ ಅಂದರೆ ಇಲ್ಲಿಯವರ ಸಾಸಿವೆಜಾತಿಯ ಎಣ್ಣೆ. ಹಾಟ್‌ಪಾಟ್ ಅಂಗಡಿಗೆ, ಅಂದರೆ ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಬೇಕಾದ್ದನ್ನು ಬೇಯಿಸಿಕೊಂಡು ತಿನ್ನುವಲ್ಲಿಗೆ, ಹೋದರೆ ಇದನ್ನು ಕೇಳಲೇಬೇಕು, ಯಾಕೆಂದರೆ ಆ ಕೆಂಪು ಸಾರಿನ ಬುಡ ಸಾಮಾನ್ಯವಾಗಿ ದನದ ಕೊಬ್ಬು. ಎರಡು ಭಾಗದ ಪಾತ್ರೆ ತರಿಸಿ ಒಂದು ಕಡೆ ಟೊಮೆಟೊ ಸಾರು ಹಾಕಿಸಿಕೊಳ್ಳುವುದು ನಮ್ಮ ಪದ್ಧತಿ. ಅಣಬೆ ಸಾರು ಸಾತ್ವಿಕವಾಗಿ ಕಂಡರೂ ಅದಕ್ಕೆ ಕೋಳಿಯ ಸ್ಟಾಕ್ ಸೇರಿರುವುದುಂಟು.

ಶಾಲೆಯ ಕ್ಯಾಂಟೀನಿನಲ್ಲಿ ಬಡಿಸುವ ಹೆಂಗಸನ್ನು ಎಲ್ಲರೂ ‘ಆಯಿ’ (ಚೀನೀ ಭಾಷೆಯಲ್ಲಿ ಆಂಟಿ ಅಂದ ಹಾಗೆ) ಎಂದೇ ಕರೆಯುವುದು. ನಮ್ಮವರು ಬಡಿಸುವ ಸಾಲಿಗೆ ಬಂದರೆ ಆಯಿ ದೂರದಿಂದಲೇ ತಲೆ ಆಡಿಸಿ ಯಾವುದು ಬೇಡ ಅಂತ ಸೌಟಿನಲ್ಲಿ ತೋರಿಸುತ್ತಾರೆ. ಹುಳಿಖಾರದ ಆಲೂಗಡ್ಡೆ ಎಳೆ, ಒಣಮೆಣಸು ಮತ್ತು ಹ್ವಾಜ್ಯಾವೊ ಒಗ್ಗರಣೆ ಕೊಟ್ಟ ಎಲೆಕೋಸು, ಜಜ್ಜಿದ ಸೌತೆಕಾಯಿ, ತೋಫು. ಈ ಎಲೆಕೋಸನ್ನು ನಾನು ಬೇರೆ ಊರಲ್ಲಿ ತಿಂದಿದ್ದರೆ ನಮ್ಮದೇ ಪಲ್ಯ ಅನ್ನುತ್ತಿದ್ದೆ, ತೆಂಗಿನಕಾಯಿ ಒಂದು ಕಡಿಮೆ. ಹೊರಗೆ ಹೋದರೆ ಲ್ಯಾಂಗ್‌ಫೆನ್ ಅನ್ನುವ ಹಿಟ್ಟಿನ ಅಲುಗುವ ತುಂಡುಗಳು, ಸಿಹಿ ಸೋಯಾ ರಸದ ದಪ್ಪ ನೂಡಲ್ಸ್ ಥ್ಯಾನ್‌ಶ್ವೇ ಮ್ಯಾನ್, ಇವೆರಡೂ ಕ್ಷೇಮ. ದಾನ್‌ದಾನ್ ನೂಡಲ್ಸ್ ಅಲ್ಲ, ಅದರ ಮೇಲೆ ಹಂದಿ ಖೈಮಾ. ನಿಶ್ಚಿಂತೆಯಿಂದ ಊಟ ಮಾಡಬೇಕು ಅನ್ನಿಸಿದ ದಿನ ವೆನ್‌ಶು ವಿಹಾರದ ಸಸ್ಯಾಹಾರಿ ಊಟದ ಮನೆಗೆ ಹೋಗುತ್ತೇವೆ. ಬೌದ್ಧರ ಕ್ರಮದಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ, ನಮ್ಮತ್ತೆಗೆ ಹೇಳಿದರೆ ಬಹಳ ಖುಷಿ. ಅಲ್ಲಿ ಮಾಂಸದಂತೆಯೇ ಕಾಣಿಸಿ ಬಡಿಸುವ ಖಾದ್ಯಗಳ ಉತ್ಸಾಹ ಮಾತ್ರ ನನಗೆ ಅರ್ಥವಾಗಲಿಲ್ಲ.

ನನ್ನ ಮಟ್ಟಿಗೆ ಇಲ್ಲಿ ಬೇರು ಇಳಿಸಿದ್ದು ತರಕಾರಿ ಮಾರುಕಟ್ಟೆ. ಸೂಪರ್‌ಮಾರ್ಕೆಟ್ ಅಲ್ಲ, ಬಡಾವಣೆಯ ಒಳಗಿನ, ಬೆಳಗಿನ ಹೊತ್ತು ಅಜ್ಜಿಯರು ಗಾಲಿ ಚೀಲ ಎಳೆದುಕೊಂಡು ಬರುವ ಮಾರುಕಟ್ಟೆ. ಒಂದು ದಿನ ಸೊಪ್ಪಿನ ಕಟ್ಟುಗಳ ಮಧ್ಯೆ ದಪ್ಪ ಎಲೆಯ ಲೋಳೆಲೋಳೆ ಸೊಪ್ಪು ಕಂಡಿತು. ಮುರಿದು ನೋಡಿದೆ, ಬಸಳೆಯೇ! ಇಲ್ಲಿಯವರು ಅದನ್ನು ಸಾರಿಗೆ ಹಾಕಿ ಒಂದು ಕುದಿ ಬರಿಸಿ ಇಳಿಸುತ್ತಾರೆ, ದಂಟನ್ನು ಬಿಸಾಡುತ್ತಾರೆ. ದಂಟೂ ಬೇಕು ಅಂತ ನಾನು ಕೈಸನ್ನೆ ಮಾಡಿದಾಗ ಸೊಪ್ಪಿನವಳು ಪಕ್ಕದ ಅಂಗಡಿಯವಳನ್ನು ಕರೆದು ತೋರಿಸಿದಳು. ಆಮೇಲೆ ಒಂದೊಂದೇ ಕಾಣತೊಡಗಿದವು: ಕೆಂಪು ಹರಿವೆ, ಕೆಸುವಿನ ಗಡ್ಡೆ, ಹಾಗಲಕಾಯಿ, ತುಪ್ಪದ ಹೀರೆ, ಹೋಳು ಮಾಡಿ ಮಾರುವ ಬೂದುಗುಂಬಳ, ತಾವರೆ ಬೇರು, ರಾಶಿರಾಶಿ ಕೊತ್ತಂಬರಿ. ನುಗ್ಗೆಕಾಯಿ ಇಲ್ಲ, ಮಂಗಳೂರು ಸೌತೆ ಇಲ್ಲ. ಸೌತೆಯ ಜಾಗಕ್ಕೆ ಬೂದುಗುಂಬಳ ಹಾಕಿದರೆ ಹುಳಿ ಕೆಡುವುದಿಲ್ಲ. ಜರ್‌ಗೆನ್ ಎಂಬ ಬಿಳಿ ಬೇರನ್ನು ಮಾತ್ರ ಹುಷಾರಾಗಿ ಕೊಳ್ಳಿ. ಸಿಚುವಾನ್‌ನವರಿಗೆ ಅದು ಪ್ರಾಣ, ಹಸಿಯಾಗಿ ಖಾರ ಕಲಸಿ ತಿನ್ನುತ್ತಾರೆ, ಆದರೆ ಅದಕ್ಕೆ ಹಸಿಮೀನಿನ ವಾಸನೆ. ಶುದ್ಧ ಸಸ್ಯಾಹಾರಿಗೆ ಮೀನಿನ ವಾಸನೆಯ ತರಕಾರಿ ಬಡಿಸಿದ ಪಾಪ ನಮ್ಮ ಸಹೋದ್ಯೋಗಿಗಳ ತಲೆಗೆ.

ಮೀನಿನ ಕಥೆ ಬೇರೆ. ಚೆಂಗ್ದೂ ಸಮುದ್ರದಿಂದ ಬಹಳ ದೂರ. ತೊಟ್ಟಿಯಲ್ಲಿ ಜೀವಂತ ಈಜುವ ಹುಲ್ಲುಗೆಂಡೆಯನ್ನು ಎತ್ತಿ ಕಣ್ಣೆದುರೇ ಕೊಯ್ದು ಕೊಡುತ್ತಾರೆ, ಅಷ್ಟು ತಾಜಾ. ಆದರೂ ಕೆಸರಿನ ಒಂದು ಛಾಯೆ ಇರುತ್ತದೆ, ಮುಳ್ಳು ವಿಪರೀತ. ಕರಾವಳಿಯವರು ಫ್ರೀಜರಿನಲ್ಲಿ ಸಿಗುವ ರಿಬ್ಬನ್ ಮೀನು, ಪಾಂಪ್ಲೆಟ್ ಹುಡುಕಿಕೊಳ್ಳುವುದೇ ಒಳ್ಳೆಯದು.

ಅಡುಗೆಮನೆಗೆ ಬಂದರೆ, ಶಿಕ್ಷಕರಿಗೆ ಕೊಡುವ ಮನೆಗಳಲ್ಲಿ ಇಂಡಕ್ಷನ್ ಒಲೆಯೇ ಹೆಚ್ಚು. ಅದರ ಮೇಲೆ ಅಲ್ಯುಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಊರಿನಿಂದಲೇ ತನ್ನಿ. ವಿದ್ಯುತ್ 220 ವೋಲ್ಟ್, ಹಾಗಾಗಿ ಮಿಕ್ಸಿ ನಡೆಯುತ್ತದೆ, ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕು. ಬೇಳೆಯಲ್ಲಿ ಸಿಪ್ಪೆ ತೆಗೆದ ಹೆಸರುಬೇಳೆ ಸಲೀಸು. ತೊಗರಿ, ಉದ್ದು ಟಾವೊಬಾವೊ ಆ್ಯಪ್‌ನಲ್ಲಿ ಭಾರತದ ದಿನಸಿ ಮಾರುವವರಿಂದ ತರಿಸಬೇಕು. ಪೂರ್ವದ ಯೀವು, ಕೆಕ್ಯಾವ್‌ನಂಥ ವ್ಯಾಪಾರದ ಊರುಗಳಲ್ಲಿ ನಮ್ಮ ದೇಶದವರು ಬಹಳ ಮಂದಿ ಇರುವುದರಿಂದ ಸರಕು ಇದೆ. ಪಾರ್ಸೆಲ್ ಸಾಮಾನ್ಯವಾಗಿ ಮನೆಗೆ ಬರುವುದಿಲ್ಲ, ಬಡಾವಣೆಯ ಪಾರ್ಸೆಲ್ ಕೇಂದ್ರಕ್ಕೆ ಹೋಗಿ ಫೋನಿಗೆ ಬಂದ ಸಂಖ್ಯೆ ತೋರಿಸಿ ತೆಗೆದುಕೊಳ್ಳಬೇಕು. ಈಶಾನ್ಯದ ಅಕ್ಕಿ ಊಟಕ್ಕೆ ಅಂಟಂಟು, ದೋಸೆಗೆ ಬಂದರೆ ರಬ್ಬರು. ಅಕ್ಕಿ ನೂಡಲ್ಸ್ ಮಾಡಲು ಬಳಸುವ ಒರಟು, ಉದ್ದ ಕಾಳಿನ ಅಗ್ಗದ ಅಕ್ಕಿಯಲ್ಲಿ ಇಡ್ಲಿ ಸರಿಯಾಗಿ ಏಳುತ್ತದೆ. ಚಳಿಗಾಲದಲ್ಲಿ ಹಿಟ್ಟು ಹುಳಿ ಬರುವುದಿಲ್ಲ, ಅದಕ್ಕೆ ಮೊಸರು ಮಾಡುವ ಪುಟ್ಟ ವಿದ್ಯುತ್ ಪಾತ್ರೆ ಕೊಂಡೆ. ಅದರಲ್ಲೇ ಮೊಸರನ್ನೂ ಹಾಕುತ್ತೇನೆ, ಅಂಗಡಿಯ ಮೊಸರು ಬಹುಪಾಲು ಸಿಹಿ. ಹುಣಸೆ ಯುನ್ನಾನ್‌ನಿಂದ ಬರುತ್ತದೆ, ಚಪ್ಪರಿಸಿ ತಿನ್ನುವ ಹಣ್ಣೆಂದು ಮಾರುತ್ತಾರೆ. ಬೆಲ್ಲದ ಬದಲು ಕಬ್ಬಿನ ಕೆಂಪು ಸಕ್ಕರೆಯ ಅಚ್ಚು, ಹೋಳಿಗೆಗೆ ಪರವಾಗಿಲ್ಲ. ಬಲಿತ ತೆಂಗಿನಕಾಯಿ ಹೈನಾನ್ ದ್ವೀಪದಿಂದ ತರಿಸಬಹುದು.

ಇನ್ನು ಬಿಳಿಯರ ಸಲಹೆಗಳಲ್ಲಿ ಎಲ್ಲೂ ಸಿಗದ ಎರಡು ತಲೆನೋವು. ಒಂದು, ಹೆಸರು. ನಮ್ಮವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಇಲ್ಲಿಯ ಕಂಪ್ಯೂಟರಿಗೆ ಉಪನಾಮವಿಲ್ಲದ ಮನುಷ್ಯ ಇರಲು ಸಾಧ್ಯವೇ ಇಲ್ಲ. ಬ್ಯಾಂಕಿನವರು ಒಂದು ರೀತಿ ಬರೆದರು, ಫೋನ್ ಸಿಮ್ಮಿನವರು ಇನ್ನೊಂದು ರೀತಿ. ಹೆಸರು ಅಕ್ಷರಕ್ಕೆ ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ ಕೂಡದಿದ್ದರೆ ವೀಚಾಟ್ (ಮಾತುಕತೆಗೂ ಹಣ ಕೊಡುವುದಕ್ಕೂ ಇಲ್ಲಿ ಬಳಸುವ ಆ್ಯಪ್) ಪಾವತಿಗೆ ಖಾತೆ ಜೋಡಣೆ ಆಗುವುದಿಲ್ಲ. ವೀಚಾಟ್ ಅಥವಾ ಅಲಿಪೇ ಎಂಬ ಪಾವತಿ ಆ್ಯಪ್ ಇಲ್ಲದೆ ಸೊಪ್ಪೂ ಸಿಗುವುದಿಲ್ಲ ಅನ್ನುವಂಥ ಊರಲ್ಲಿ ಇದು ಸಣ್ಣ ವಿಷಯವಲ್ಲ. ಸಂಬಳದ ಖಾತೆ ತೆರೆಯುವ ತನಕ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅನ್ನು ಅಲಿಪೇಗೆ ಜೋಡಿಸಿಕೊಂಡು ದಿನ ದೂಡಬಹುದು. 200 ಯುವಾನ್ ಮೀರಿದ ಪಾವತಿಗೆ ಶೇ 3 ಶುಲ್ಕ ಬೀಳುತ್ತದೆ. ಸಾಧ್ಯವಾದರೆ ಊರು ಬಿಡುವ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಉಪನಾಮ ಬರೆಸಿಕೊಂಡು, ಪದವಿಪತ್ರಗಳ ದೃಢೀಕರಣವನ್ನೂ ಅದೇ ಹೆಸರಲ್ಲಿ ಮಾಡಿಸಿ.

ಎರಡನೆಯದು, ಮನೆಗೆ ಫೋನ್. ಚೀನಾದಲ್ಲಿ ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್ ಮುಚ್ಚಿವೆ. ಬೇರೆ ದೇಶದವರು ಮನೆಯವರಿಗೆ ವೀಚಾಟ್ ಹಾಕಿಕೊಳ್ಳಿ ಅಂದುಬಿಡುತ್ತಾರೆ. ನಮ್ಮ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟೂ ಒಂದು. ಅಂದರೆ ಅಲ್ಲಿಯದು ಇಲ್ಲಿಲ್ಲ, ಇಲ್ಲಿಯದು ಅಲ್ಲಿಲ್ಲ. ಅಪ್ಪನ ಹತ್ತಿರ ಐಫೋನ್ ಇರುವುದರಿಂದ ಫೇಸ್‌ಟೈಮ್ ನಡೆಯುತ್ತದೆ, ಅತ್ತೆಯವರ ಆಂಡ್ರಾಯ್ಡ್‌ಗೆ ಟೀಮ್ಸ್ ಹಾಕಿಕೊಟ್ಟಿದ್ದೇವೆ. ಅವರು ಆಫೀಸಿನ ಮೀಟಿಂಗ್ ಎಂಬಷ್ಟೇ ಗಂಭೀರವಾಗಿ ಕೂತು ಮಾತಾಡುತ್ತಾರೆ. ಭಾರತದ ಸಿಮ್ ರೋಮಿಂಗಿನಲ್ಲಿ ಜೀವಂತ ಇರಲಿ, ಊರಿನ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಕಾಗದಪತ್ರ ಶಾಲೆಯವರೇ ಓಡಾಡಿ ಮಾಡಿಸುತ್ತಾರೆ. ಬಂದ 24 ಗಂಟೆಯಲ್ಲಿ ಪೊಲೀಸ್ ಠಾಣೆಯಲ್ಲಿ ವಾಸದ ನೋಂದಣಿ, ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಇರುವ ವೈದ್ಯಕೀಯ ತಪಾಸಣೆ, 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ. ಮನೆ ಬದಲಿಸಿದರೆ ನೋಂದಣಿ ಮತ್ತೆ ಮಾಡಿಸಬೇಕು ಎನ್ನುವುದನ್ನು ಮರೆಯಬೇಡಿ, ಅಷ್ಟೇ.

ಶಾಲೆಯ ದಿನಚರಿಗೆ ಹೊಟ್ಟೆ ಒಗ್ಗಬೇಕು. ಹನ್ನೆರಡರ ಸುಮಾರಿಗೆ ಮಧ್ಯಾಹ್ನದ ಊಟ, ಆರರೊಳಗೆ ಕ್ಯಾಂಟೀನಿನ ರಾತ್ರಿ ಊಟ. ಒಂಬತ್ತಕ್ಕೆ ಉಣ್ಣುವ ನಾವು ಮೊದಮೊದಲು ಎರಡು ಸಲ ಉಣ್ಣುತ್ತಿದ್ದೆವು. ಮಧ್ಯಾಹ್ನ ಮಕ್ಕಳು ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾರೆ, ಸ್ಟಾಫ್ ರೂಮಿನಲ್ಲಿ ಮಡಚುವ ಮಂಚಗಳು ಹೊರಬರುತ್ತವೆ. ಆ ಹೊತ್ತಲ್ಲಿ ಯಾರಿಗೂ ಫೋನ್ ಮಾಡಬೇಡಿ. ಅಕ್ಟೋಬರ್ 1ರಿಂದ ರಾಷ್ಟ್ರೀಯ ರಜೆ ಕೊಡುತ್ತಾರೆ, ಆದರೆ ಆಸುಪಾಸಿನ ಶನಿವಾರ ಭಾನುವಾರಗಳಲ್ಲಿ ಕೆಲಸ ಮಾಡಿಸಿ ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಇದು ರಜೆಯೇ ಅಲ್ಲ ಎನ್ನುವುದು ನನ್ನ ಅಭಿಪ್ರಾಯ, ಚೀನೀ ಸಹೋದ್ಯೋಗಿಗಳದ್ದೂ ಅದೇ. ಶಿಕ್ಷಕರ ದಿನ ಸೆಪ್ಟೆಂಬರ್ 10ಕ್ಕೆ. ನಮ್ಮಲ್ಲಿ 5ಕ್ಕೆ ಎಂದು ಗೊತ್ತಾದ ಮೇಲೆ ನಮ್ಮವರ ತರಗತಿಯ ಮಕ್ಕಳು ಎರಡೂ ದಿನ ಹೂವು ತಂದರು.

ಚಳಿಗಾಲ ನಾವಂದುಕೊಂಡದ್ದಕ್ಕಿಂತ ಕೆಟ್ಟದು. ಸರ್ಕಾರದ ಕೇಂದ್ರೀಯ ಶಾಖ ವ್ಯವಸ್ಥೆ ಚಿನ್‌ಲಿಂಗ್ ಪರ್ವತ ಮತ್ತು ಹ್ವಾಯ್ ನದಿಯ ಗೆರೆಯಿಂದ ಉತ್ತರಕ್ಕೆ ಮಾತ್ರ, ಚೆಂಗ್ದೂ ದಕ್ಷಿಣದಲ್ಲಿದೆ. ಹಿಮ ಬೀಳುವುದು ಅಪರೂಪ, ಆದರೆ ತೇವದ ಚಳಿ ಮನೆಯೊಳಗೇ ಕೂತಿರುತ್ತದೆ. ದೇಶಕ್ಕೆಲ್ಲ ಬೀಜಿಂಗ್ ಸಮಯವೊಂದೇ ಆದ್ದರಿಂದ ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟರ ಹೊತ್ತಿಗೆ, ಅದೂ ಮೋಡದ ಹಿಂದೆ. ಕತ್ತಲಲ್ಲೇ ಶಾಲೆಗೆ ಹೋಗುತ್ತೇವೆ, ಬಟ್ಟೆ ಮೂರು ದಿನ ಒಣಗುವುದಿಲ್ಲ. ಹಾಸಿಗೆಯ ಮೇಲೆ ಹಾಸುವ, ವಿದ್ಯುತ್ತಿನಿಂದ ಬಿಸಿಯಾಗುವ ಹಾಸು ಕೊಳ್ಳುವಾಗ ಹಿಂದೆ ಮುಂದೆ ನೋಡಬೇಡಿ.

ಸಹೋದ್ಯೋಗಿಗಳು ಊಟಕ್ಕೆ ಕರೆದರೆ ಹೋಗಿ. ತಿರುಗುವ ಗಾಜಿನ ದುಂಡುಮೇಜಿನ ಸುತ್ತ ಕೂತಾಗಲೇ ಅವರು ಸಲಿಗೆಯಿಂದ ಮಾತಾಡುವುದು. ಕುಡಿಯದವರು ಚಹಾ ಲೋಟ ಎತ್ತಿದರೂ ಸಾಕು, ಹಿರಿಯರ ಲೋಟಕ್ಕೆ ತಾಗಿಸುವಾಗ ನಿಮ್ಮದು ಸ್ವಲ್ಪ ಕೆಳಗಿರಲಿ. ಏನು ತಿನ್ನುವುದಿಲ್ಲ ಎನ್ನುವುದನ್ನು ಮೇಜಿನ ಮುಂದೆ ಹೇಳುವ ಬದಲು ಹಿಂದಿನ ದಿನವೇ ಕರೆದವರಿಗೆ ಸಂದೇಶ ಕಳಿಸಿ. ಎಲ್ಲ ತರಿಸಿದ ಮೇಲೆ ಹೇಳಿದರೆ ಅವರಿಗೆ ಮುಖಭಂಗ.

ಹೊಸದಾಗಿ ಬರುವವರು ಅಕ್ಕಿ, ಬೇಳೆ ಹೊತ್ತು ತರಬೇಡಿ, ಹಸಿ ಕರಿಬೇವನ್ನೂ ಬೇಡ. ತಾಜಾ ಹಣ್ಣು, ಸೊಪ್ಪು, ತರಕಾರಿ, ಬೀಜ ತರುವುದಕ್ಕೆ ಕಸ್ಟಮ್ಸ್‌ನಲ್ಲಿ ನಿಷೇಧವಿದೆ. ಸಾರಿನ ಪುಡಿ, ಇಂಗು, ಕುದಿಸಿ ಕುಡಿಯುವ ನಮ್ಮ ಚಹಾಪುಡಿ, ಸ್ಟೀಲ್ ಕುಕ್ಕರ್, ಅದರ ಗ್ಯಾಸ್ಕೆಟ್ ಒಂದು ಹೆಚ್ಚಿಗೆ, ತೆಂಗಿನಕಾಯಿ ತುರಿಯಲು ತುರಿಮಣೆ, ಇಷ್ಟು ಸಾಕು. ತುರಿಮಣೆಯನ್ನು ಚೆಕ್-ಇನ್ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ.